ಕಾಲ್ಚೆಂಡಿನ ಅಂಗಳದಲ್ಲಿ ನ್ಯಾಯಾನ್ಯಾಯ

ಸ್ಮರಣ ಸಂಪುಟದ ಸಂಪಾದಕರು ನನ್ನಿಂದ ಲೇಖನವೊಂದನ್ನು ಅಪೇಕ್ಷಿಸಿದಾಗ, ಹಳಗನ್ನಡ ಕಾವ್ಯದ ಒಂದು ಸ್ವಾರಸ್ಯವನ್ನೋ ವ್ಯಾಕರಣದ ಒಂದು ಸಂದೇಹವನ್ನೋ ಕುರಿತು ಬರೆದುಕೊಡುವೆನೆಂದು ಅವರು ನಿರೀಕ್ಷಿಸಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೂವತ್ತು ವರ್ಷಗಳಿಂದ ನಾನು ಮಾಡುತ್ತ ಬಂದಿರುವುದು ಆ ಎರಡನ್ನೇ. ಆದರೆ ನನಗೊಂದು ಗುಪ್ತವಾದ ಚಟವುಂಟು. ಮನೆಯವರಿಗೂ ನೆರೆಯವರಿಗೂ ಅದು ಗುಪ್ತವಲ್ಲ. ಪಂದ್ಯವಿರುವ ರಾತ್ರಿ ನನ್ನ ಕೂಗು ಮೂರು ಮನೆ ದಾಟಿ ಕೇಳಿಸುತ್ತದೆ. ನಾನು ಕಾಲ್ಚೆಂಡಾಟದ ಪ್ರೇಕ್ಷಕ. ಆಡಿದವನಲ್ಲ, ನೋಡಿದವನು. ಪಂಡಿತನಾದವನಿಗೆ ಇದು ತಕ್ಕ ವಿಷಯವೇ ಎಂದು ಹಿರಿಯರು ಕೇಳಬಹುದು. ತಕ್ಕದ್ದೋ ಅಲ್ಲವೋ, ಇಲ್ಲಿ ನಾನು ಒಪ್ಪಿಸಬೇಕಾದ ಒಂದು ತಪ್ಪಿದೆ. ಅದನ್ನು ಹೇಳಲು ಈ ದಾರಿಯಲ್ಲದೆ ಬೇರೆ ದಾರಿ ನನಗೆ ತೋರಲಿಲ್ಲ.

ಚಟ ಅಂಟಿದ್ದು 1986ರ ಜೂನ್ ತಿಂಗಳಿನಲ್ಲಿ. ಪಾಠಶಾಲೆಯಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದ ಹುಡುಗರು ನಾವು. ಊರಿನ ಜವಳಿ ಅಂಗಡಿಯ ಸಾಹುಕಾರರ ಮನೆಯಲ್ಲಿ ಟೆಲಿವಿಷನ್ ಬಂದಿತ್ತು. ಮೆಕ್ಸಿಕೋದಲ್ಲಿ ನಡುಹಗಲಿಗೆ ಆರಂಭವಾದ ಅರ್ಜೆಂಟೀನಾ–ಇಂಗ್ಲೆಂಡ್ ಪಂದ್ಯ ನಮಗೆ ರಾತ್ರಿ ಹನ್ನೊಂದೂವರೆಯ ಆಟ. ವಿವರಣೆಯ ಇಂಗ್ಲಿಷ್ ನನಗೆ ತಿಳಿಯದು. ಕಣ್ಣಿಗೆ ಕಂಡದ್ದಷ್ಟೇ ಅರ್ಥ. ವಿರಾಮದ ಬಳಿಕ ಆರನೆಯ ನಿಮಿಷದಲ್ಲಿ ಆ ಗಿಡ್ಡ ಆಳು ಮರಡೋನಾ ನೆಗೆದ, ಚೆಂಡು ಗೋಲಿನೊಳಗೆ ಬಿತ್ತು. ನಾವು ಕುಣಿದೆವು. ಆತ ಎತ್ತಿದ್ದು ತಲೆಯನ್ನಲ್ಲ, ಕೈಯನ್ನು ಎಂಬುದು ನಮಗೆ ಮರುದಿನವಷ್ಟೇ ತಿಳಿಯಿತು. ಟ್ಯುನೀಷಿಯಾದ ರೆಫರಿ ಬಲ್ಗೇರಿಯಾದ ಲೈನ್ಸ್‌ಮನ್ನನ ಕಡೆ ನೋಡಿದರು. ಆತ ಬಾವುಟ ಎತ್ತಲಿಲ್ಲ. ಇವರು ಗೋಲು ಕೊಟ್ಟರು. ನಾಲ್ಕೇ ನಿಮಿಷದಲ್ಲಿ ಅದೇ ಮರಡೋನಾ ಅರ್ಧ ಮೈದಾನವನ್ನು ಒಬ್ಬನೇ ದಾಟಿ ಹೊಡೆದ ಎರಡನೆಯ ಗೋಲು ಲೋಕಪ್ರಸಿದ್ಧವಾಯಿತು. ಒಂದೇ ಪಂದ್ಯದಲ್ಲಿ, ಒಂದೇ ಮನುಷ್ಯನಿಂದ, ಅಷ್ಟು ದೊಡ್ಡ ಅನ್ಯಾಯವೂ ಅಷ್ಟು ದೊಡ್ಡ ಸೊಬಗೂ! ಪಾಠಶಾಲೆಯ ಜಗಲಿಯಲ್ಲಿ ವಾರವೆಲ್ಲ ವಾದ ನಡೆಯಿತು.

ಆ ವಾದದಲ್ಲಿ ನಾನು ಕಂಡುಕೊಂಡ ಒಂದು ಯುಕ್ತಿಯನ್ನು ಮುಂದೆ ಬಹುಕಾಲ ಸಿದ್ಧಾಂತದಂತೆ ಪೋಷಿಸಿದೆ. ಆ ಕೈಗೋಲಿಗೆ ಮುಂಚೆ ಚೆಂಡನ್ನು ದೂರ ಒದೆಯಬೇಕಾಗಿದ್ದ ಇಂಗ್ಲೆಂಡಿನ ಆಟಗಾರನೇ ಅದನ್ನು ಮೇಲಕ್ಕೆ ಚಿಮ್ಮಿಸಿ ತನ್ನ ಗೋಲಿನ ಕಡೆಗೇ ಕಳಿಸಿದ್ದ. ಅವನು ನೆಟ್ಟಗೆ ಒದೆದಿದ್ದರೆ ಮರಡೋನಾ ಕೈ ಎತ್ತುವ ಪ್ರಸಂಗವೇ ಇರಲಿಲ್ಲ. ಆದ್ದರಿಂದ, ರೆಫರಿಯ ತಪ್ಪಿಗೆ ಒಂದು ಕ್ಷಣ ಮೊದಲು ರಕ್ಷಕನ ತಪ್ಪು ಇದ್ದೇ ಇರುತ್ತದೆ. ಹಿಂದಿನದನ್ನು ತಿದ್ದಿಕೊಂಡವನಿಗೆ ಮುಂದಿನದರ ಭಯವಿಲ್ಲ. ಇದು ನನ್ನ ಸೂತ್ರ. ವೃತ್ತಿಯನ್ನೂ ಪ್ರಯೋಗಗಳನ್ನೂ ಕಾಲವೇ ಒದಗಿಸುತ್ತ ಹೋಯಿತು.

2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದಾಗ ನಮ್ಮದೆಂದು ಹೇಳಿಕೊಳ್ಳಲು ಒಂದು ದೊಡ್ಡ ತಂಡ ದೊರೆಯಿತೆಂದು ಹಿಗ್ಗಿದೆ. ಮೊದಲ ವರ್ಷವೇ ಐ–ಲೀಗ್ ಗೆದ್ದರು. ರಜೆಯ ದಿನಗಳಲ್ಲಿ ಬಸ್ಸು ಹಿಡಿದು ಕಂಠೀರವ ಕ್ರೀಡಾಂಗಣಕ್ಕೆ ಹೋಗಿ, ನನ್ನ ವಿದ್ಯಾರ್ಥಿಗಳ ವಯಸ್ಸಿನ ನೀಲಿ ಅಂಗಿಯ ಹುಡುಗರ ನಡುವೆ ಪಂಚೆಯುಟ್ಟು ಕುಳಿತು ಕೂಗಿದ್ದೇನೆ. ಮೊದಮೊದಲು ನಕ್ಕವರು ಆಮೇಲೆ ಸ್ಥಳ ಬಿಟ್ಟುಕೊಡತೊಡಗಿದರು.

ಪ್ರೇಕ್ಷಕನ ಸಂಕಟವೆಂದರೇನೆಂಬುದನ್ನು ಆ ಕ್ರೀಡಾಂಗಣವೇ ನನಗೆ ಕಲಿಸಿತು. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ಅಲ್ಲಿಯೇ ನಡೆಯಿತು, ಎದುರಾಳಿ ಚೆನ್ನೈಯಿನ್. ಒಂಬತ್ತನೆಯ ನಿಮಿಷದಲ್ಲಿ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಕಪ್ಪು ನಮ್ಮ ಮಡಿಲಿಗೇ ಬಿತ್ತೆಂದುಕೊಂಡೆವು. ವಿರಾಮದೊಳಗೆ ಎರಡು ಕಾರ್ನರ್ ಒದೆತಗಳು ಬಂದವು. ಎರಡರಲ್ಲಿಯೂ ಒಬ್ಬನೇ ಆಟಗಾರ, ಅವರ ಕಡೆಯ ಬ್ರೆಜಿಲ್ ದೇಶದ ರಕ್ಷಕ, ಎದ್ದು ನಿಂತು ತಲೆಯಿಂದ ಚೆಂಡನ್ನು ಗೋಲಿಗೆ ಅಟ್ಟಿದ. ಒಮ್ಮೆ ಮೈಮರೆತರೆ ಅದನ್ನು ಆಕಸ್ಮಿಕವೆನ್ನೋಣ. ಅದೇ ಮನುಷ್ಯ, ಅದೇ ವಿಧಾನ, ಅರ್ಧ ಗಂಟೆಯೊಳಗೆ ಎರಡನೆಯ ಸಲ! ಕಾಗುಣಿತದ ತಪ್ಪನ್ನು ತಿದ್ದಿಕೊಟ್ಟ ಮೇಲೂ ಮುಂದಿನ ಸಾಲಿನಲ್ಲಿ ಅದೇ ತಪ್ಪು ಬರೆಯುವ ಹುಡುಗನನ್ನು ಕಂಡರೆ ಮೇಷ್ಟ್ರಿಗೆ ಆಗುವ ಸಂಕಟವೇ ನನಗಾಯಿತು. 3–2ರಿಂದ ಸೋತೆವು. ಆ ದಿನ ರೆಫರಿಯನ್ನು ಬೈಯಲು ನಮಗೆ ಕಾರಣ ಸಿಕ್ಕಲಿಲ್ಲ, ಬಯ್ದವರಂತೂ ಇದ್ದರು. ಮರುವರ್ಷ ಮುಂಬೈಯಲ್ಲಿ ಗೋವಾ ತಂಡವನ್ನು 1–0ಯಿಂದ ಮಣಿಸಿ ಕಪ್ಪು ತಂದರು. ಆಗ ರೆಫರಿಯ ಹೆಸರೂ ನಮಗೆ ಬೇಕಾಗಲಿಲ್ಲ.

ಇನ್ನು 2023ರ ಮಾರ್ಚ್ ತಿಂಗಳಿಗೆ ಬರುತ್ತೇನೆ. 18ನೆಯ ತಾರೀಖು ಗೋವೆಯ ಮಡಗಾಂವಿನಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ತಂಡದೊಡನೆ ಅಂತಿಮ ಪಂದ್ಯ. ಕಾರ್ನರ್ ಕಾಯುವಾಗ ನಮ್ಮವನೊಬ್ಬ ಕೈ ತಗುಲಿಸಿ ಮೊದಲ ಪೆನಾಲ್ಟಿಯನ್ನು ದಾನ ಮಾಡಿದ. ಹೇಗೋ ಸಮಮಾಡಿ, 78ನೆಯ ನಿಮಿಷದಲ್ಲಿ 2–1ರ ಮುನ್ನಡೆ ಪಡೆದೆವು. ಏಳು ನಿಮಿಷ ಕಳೆಯುವುದರೊಳಗೆ ನಮ್ಮ ಇನ್ನೊಬ್ಬ, ಚೌಕದ ಅಂಚಿನಲ್ಲಿ ಎದುರಾಳಿಯ ಕಾಲಿಗೆ ತನ್ನ ಕಾಲನ್ನು ಕೊಟ್ಟ. ತಾಗಿದ್ದು ಗೆರೆಯ ಹೊರಗೆ ಎಂದು ನಮ್ಮವರೆಲ್ಲರ ವಾದ. ರೆಫರಿ ಪೆನಾಲ್ಟಿಯನ್ನೇ ಕೊಟ್ಟರು. ಪಂದ್ಯ 2–2 ಆಗಿ, ಕೊನೆಗೆ ಪೆನಾಲ್ಟಿಗಳಲ್ಲಿ 4–3ರಿಂದ ಸೋತೆವು. ವೀಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ ಲೀಗಿನಲ್ಲಿ ಇರಬೇಕೆಂದು ತಂಡದ ಒಡೆಯರೇ ಬಹಿರಂಗವಾಗಿ ಕೇಳಿದರು. ನಾನಂತೂ ಟೆಲಿವಿಷನ್ನಿನ ಮುಂದೆ ನಿಂತು ನಿಘಂಟಿನಲ್ಲಿ ಇರುವ ಮತ್ತು ಇಲ್ಲದ ಪದಗಳೆರಡನ್ನೂ ಪ್ರಯೋಗಿಸಿದೆ. ಅಡಿಗೆಮನೆಯಿಂದ ಮನೆಯಾಕೆ ಕೇಳಿದಳು: “ಏನೂಂದ್ರೆ, ಹದಿನೈದು ದಿನದ ಹಿಂದೆ ಇದೇ ಬಾಯಲ್ಲಿ ರೆಫರಿಯನ್ನು ಹೊಗಳುತ್ತಿದ್ದಿರಲ್ಲ, ಅವರು ಬೇರೆಯೋ?”

ನಾನು ಸುಮ್ಮನಾದೆ. ಆಕೆ ಹೇಳಿದ್ದು ಮಾರ್ಚ್ 3ರ ಪಂದ್ಯವನ್ನು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡದೊಡನೆ ಆಟ. ಪೂರ್ಣಾವಧಿಯಲ್ಲಿ ಇಬ್ಬರಿಗೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲಿಯೇ ನಮಗೊಂದು ಫ್ರೀ ಕಿಕ್ ದೊರೆಯಿತು. ಕೇರಳದವರು ಇನ್ನೂ ಅಡ್ಡಗೋಡೆ ಕಟ್ಟುವ ಸಿದ್ಧತೆಯಲ್ಲಿದ್ದರು. ಛೆಟ್ರಿ ಕಾಯದೆ ಚೆಂಡನ್ನು ಗೋಲಿಗೆ ಕಳಿಸಿದ. ರೆಫರಿ ಗೋಲೆಂದು ಸಾರಿದರು. ಎದುರಾಳಿಗಳು ಪ್ರತಿಭಟಿಸಿ, ತರಬೇತುದಾರನ ಕರೆಯಂತೆ ಮೈದಾನವನ್ನೇ ಬಿಟ್ಟು ಹೊರನಡೆದರು, ಮರಳಿ ಬರಲಿಲ್ಲ. 1–0ಯಿಂದ ನಾವು ಗೆದ್ದೆವೆಂದು ಘೋಷಣೆಯಾಯಿತು. ಮುಂದೆ ಫುಟ್‌ಬಾಲ್ ಫೆಡರೇಷನ್ನು ಆ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡವನ್ನೂ ತರಬೇತುದಾರನಿಗೆ ಹತ್ತು ಪಂದ್ಯಗಳ ನಿಷೇಧವನ್ನೂ ವಿಧಿಸಿತು.

ನಿಯಮವೇನು? ಫ್ರೀ ಕಿಕ್ ಒದೆಯುವಾಗ ಎದುರಾಳಿಗಳು 9.15 ಮೀಟರು ದೂರವಿರತಕ್ಕದ್ದು. ಆದರೆ ಆ ದೂರ ಒದೆಯುವವನ ಅನುಕೂಲಕ್ಕಾಗಿ ಇರುವುದು. ಅವನಿಗೆ ಬೇಡವಾದರೆ ಕಾಯದೆ ಒದೆಯಬಹುದು. ರೆಫರಿಯು ದೂರವನ್ನು ಅಳೆಯಲು ತೊಡಗಿ, ಸೀಟಿಗಾಗಿ ಕಾಯಬೇಕೆಂದು ಸೂಚಿಸಿದ್ದರೆ ಮಾತ್ರ ಕಾಯಲೇಬೇಕು. ಅಂದು ಅಂತಹ ಸೂಚನೆ ಇತ್ತೇ ಇಲ್ಲವೇ ಎಂಬುದೇ ವಿವಾದ. ಇತ್ತೆಂದು ಕೇರಳದವರು, ಇಲ್ಲವೆಂದು ನಾವು. ಸೂತ್ರವೊಂದೇ, ಪಕ್ಷಕ್ಕೊಂದು ವೃತ್ತಿ. ಕೇಶಿರಾಜನು ತನ್ನ ಸೂತ್ರಕ್ಕೆ ತಾನೇ ವೃತ್ತಿ ಬರೆದು ಪ್ರಯೋಗವನ್ನೂ ಕೊಟ್ಟು ವ್ಯಾಕರಣಕ್ಕೆ ಮಹೋಪಕಾರ ಮಾಡಿದ. ಆಟದ ಹದಿನೇಳು ನಿಯಮಗಳಿಗೆ ವೃತ್ತಿ ಬರೆಯುವ ಹೊಣೆ ಓಡುತ್ತಲೇ ಇರುವ ಒಬ್ಬ ಮನುಷ್ಯನ ಮೇಲಿದೆ. ಅದನ್ನು ಅವನು ಒಂದು ಕ್ಷಣದಲ್ಲಿ ಬರೆಯಬೇಕು. ಆ ದಿನ ಅವನ ವೃತ್ತಿ ನಮಗೆ ಹಿತವಾಗಿದ್ದುದರಿಂದ ಅದನ್ನು ನಿಯಮವೆಂದೆವು. ಹದಿನೈದು ದಿನದ ಮೇಲೆ ಅಹಿತವಾದುದರಿಂದ ಅನ್ಯಾಯವೆಂದೆವು. ಭಾರತದ ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದಾಗ ಕೆರಳಿದವನು ಇಬ್ಬರಿಗೂ ಗುರುವಾಗಿದ್ದ ಬಲರಾಮನೊಬ್ಬನೇ. ಪಾಂಡವಪಕ್ಷಪಾತಿಗಳಾದ ನಾವು ಆ ಪ್ರಸಂಗವನ್ನು ಓದುವಾಗ ಬಲರಾಮನ ಕೋಪವನ್ನು ಎಷ್ಟು ಬೇಗ ದಾಟಿಬಿಡುತ್ತೇವೆಂಬುದನ್ನು ಓದುಗರೇ ಪರೀಕ್ಷಿಸಿಕೊಳ್ಳಬಹುದು.

ಇರಲಿ. ನನ್ನ ಸೂತ್ರಕ್ಕೆ ಇನ್ನೂ ಪ್ರಯೋಗಗಳು ದೊರೆತವು. 2025ರ ಏಪ್ರಿಲ್ 12ರಂದು ಕೊಲ್ಕತ್ತೆಯಲ್ಲಿ ಮತ್ತೆ ಮೋಹನ್ ಬಾಗಾನಿನೊಡನೆಯೇ ಅಂತಿಮ ಪಂದ್ಯ. 49ನೆಯ ನಿಮಿಷದಲ್ಲಿ ಅವರವನೇ ಚೆಂಡನ್ನು ತನ್ನ ಗೋಲಿಗೆ ಹೊಡೆದು ನಮಗೆ ಮುನ್ನಡೆ ಕೊಟ್ಟ. ನಾವೇನು ಮಾಡಿದೆವು? 72ನೆಯ ನಿಮಿಷದಲ್ಲಿ ಚೌಕದೊಳಗೆ ಕೈಗೆ ಚೆಂಡು ತಗುಲಿಸಿಕೊಂಡು ಪೆನಾಲ್ಟಿ ಕೊಟ್ಟೆವು; ಹೆಚ್ಚುವರಿ ಅವಧಿಯ ಆರಂಭದಲ್ಲಿ, ಗೋಲಿನ ಬಾಯಿಗೆ ಬಂದ ಚೆಂಡನ್ನು ಹೊರದೂಡಲಾರದೆ ಎರಡನೆಯ ಗೋಲನ್ನೂ ಕೊಟ್ಟೆವು. ಮುನ್ನಡೆ ಪಡೆದ ಮೂರು ಅಂತಿಮ ಪಂದ್ಯಗಳು, ಮೂರರಲ್ಲಿಯೂ ಸೋಲು. ಗಳಿಸುವುದಕ್ಕೆ ಬುದ್ಧಿ ಸಾಕು, ಉಳಿಸಿಕೊಳ್ಳುವುದಕ್ಕೆ ಎಚ್ಚರ ಬೇಕು. ಮುನ್ನಡೆಯಲ್ಲಿರುವ ತಂಡವು ಹಿಂದೆ ಹಿಂದೆ ಸರಿದು ತನ್ನ ಚೌಕದೊಳಗೇ ಗುಂಪುಗೂಡಿದರೆ, ಎದುರಾಳಿಯ ಪ್ರತಿಯೊಂದು ಒದೆತವೂ ಅಪಾಯದ ಸ್ಥಳದಲ್ಲಿಯೇ ಬೀಳುತ್ತದೆ. ಯಾರದೋ ಕೈಗೆ ತಾಗುತ್ತದೆ, ಯಾರದೋ ಕಾಲು ಅಡ್ಡ ಬರುತ್ತದೆ. ಆಗ ತೀರ್ಪು ಹೇಳುವ ಕೆಲಸವನ್ನು ರೆಫರಿಯ ತಲೆಗೆ ಕಟ್ಟಿದವರು ನಾವೇ.

ಹಾಗಾದರೆ ಅನ್ಯಾಯವೆಂಬುದೇ ಇಲ್ಲವೇ? ಇದೆ; ಅದನ್ನೂ ಕಣ್ಣಾರೆ ಕಂಡಿದ್ದೇನೆ. 2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ಪಿನ ಅರ್ಹತಾ ಪಂದ್ಯ; ಭಾರತಕ್ಕೆ ಕತಾರ್ ಎದುರಾಳಿ. ಗೆದ್ದರೆ ನಾವು ಅರ್ಹತೆಯ ಮೂರನೆಯ ಸುತ್ತಿಗೆ ಹೋಗಬಹುದಾಗಿತ್ತು. ಛಾಂಗ್ಟೆ 37ನೆಯ ನಿಮಿಷದಲ್ಲಿ ಗೋಲು ಹೊಡೆದ. 73ನೆಯ ನಿಮಿಷದವರೆಗೂ ಮುನ್ನಡೆ ನಮ್ಮದೇ. ಆಗ ಕತಾರಿನವನೊಬ್ಬ ತಲೆಯಿಂದ ಹೊಡೆದ ಚೆಂಡನ್ನು ಗುರುಪ್ರೀತ್ ತಡೆದ. ಅದು ಉರುಳಿ ಗೋಲುಕಂಬದ ಪಕ್ಕದ ಗೆರೆಯನ್ನು ಪೂರ್ತಿ ದಾಟಿ ಹೊರಹೋಯಿತು. ನಮ್ಮವರು ಆಟ ನಿಂತಿತೆಂದುಕೊಂಡರು. ಹೊರಹೋದ ಚೆಂಡನ್ನು ಕತಾರಿನ ಇನ್ನೊಬ್ಬ ಕಾಲಿನಿಂದ ಒಳಗೆಳೆದ. ಮೊದಲಿನವನು ಅದನ್ನು ಗೋಲಿಗೆ ತಳ್ಳಿದ. ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವೀಡಿಯೊ ಪರಿಶೀಲನೆ ಇರಲಿಲ್ಲ. 85ನೆಯ ನಿಮಿಷದಲ್ಲಿ ಇನ್ನೊಂದು ಗೋಲಾಗಿ 2–1ರಿಂದ ಸೋತು ಹೊರಬಿದ್ದೆವು. ಅದೇ ರಾತ್ರಿ ಕುವೈತ್ ತಂಡ ಅಫ್ಘಾನಿಸ್ತಾನವನ್ನು ಸೋಲಿಸಿ ಮುಂದೆ ಹೋಯಿತು.

ಆ ರಾತ್ರಿಯೂ ನನ್ನ ಸೂತ್ರವನ್ನು ಬಿಡಲಿಲ್ಲ. ಅದೇ ವರ್ಷದ ಮಾರ್ಚ್ 26ರಂದು ಗುವಾಹಾಟಿಯಲ್ಲಿ ಅಫ್ಘಾನಿಸ್ತಾನದ ಎದುರು, ಛೆಟ್ರಿಯ 150ನೆಯ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಅವನೇ ಹೊಡೆದ ಗೋಲಿನಿಂದ ಮುನ್ನಡೆದಿದ್ದೆವು. 70ನೆಯ ನಿಮಿಷದಲ್ಲಿ ಒಂದು, 88ನೆಯ ನಿಮಿಷದಲ್ಲಿ ಒಂದು ಗೋಲು ಕೊಟ್ಟು ಸ್ವಂತ ನೆಲದಲ್ಲಿ ಸೋತೆವು. ಆರು ಪಂದ್ಯಗಳಿಂದ ಗಳಿಸಿದ ಅಂಕ ಐದು. ಗುವಾಹಾಟಿಯ ಮುನ್ನಡೆಯನ್ನು ಕಾಪಾಡಿಕೊಂಡಿದ್ದರೆ ದೋಹಾದ ರೆಫರಿಯ ಕಣ್ಣಿನ ಮೇಲೆ ಒಂದು ದೇಶದ ಭಾಗ್ಯ ನಿಲ್ಲಬೇಕಾಗಿರಲಿಲ್ಲ. ಈ ಲೆಕ್ಕ ಸರಿಯಾಗಿದೆ. ಈಗಲೂ ನಾನು ಅದನ್ನು ಒಪ್ಪುತ್ತೇನೆ. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಸಮಾಧಾನ ದೊರೆಯಬೇಕೆಂದಿಲ್ಲ. ಗೆರೆ ದಾಟಿದ ಆ ಚೆಂಡು ನಿದ್ದೆಗೆಡಿಸಿತು. ಅದಕ್ಕೆ ಕಾರಣ ಕತಾರ್ ಅಲ್ಲ. ಅಂತಹ ಒಂದು ಚೆಂಡನ್ನು ನಾನೂ ಗೋಲೆಂದು ಸಾರಿದವನು.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ಆಗ ಬೇರೊಂದು ಊರಿನ ಪ್ರೌಢಶಾಲೆಯಲ್ಲಿ ಹೊಸದಾಗಿ ಕನ್ನಡ ಪಂಡಿತನಾಗಿ ಸೇರಿದ್ದೆ. ಸುತ್ತಿನ ಶಾಲೆಗಳ ಪಂದ್ಯಾವಳಿಯ ಕೊನೆಯ ಆಟದ ದಿನ ಡ್ರಿಲ್ ಮೇಷ್ಟ್ರಿಗೆ ಜ್ವರ ಬಂದು ಮಲಗಿದರು. “ಪಂಡಿತರಿಗೆ ಆಟದ ನಿಯಮಗಳೆಲ್ಲ ಬಾಯಿಗೆ ಬರುತ್ತವೆ” ಎಂದು ಮುಖ್ಯೋಪಾಧ್ಯಾಯರು ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು ಇಳಿದೆ. ನಿಯಮ ಬಾಯಿಗೆ ಬರುತ್ತಿತ್ತು; ಉಸಿರು ಬರುತ್ತಿರಲಿಲ್ಲ. ವಿರಾಮದ ಹೊತ್ತಿಗೆ ಮೈದಾನದ ನಡುವೆ ಬೇರೂರಿದ ಮರದಂತೆ ನಿಂತು ಅಲ್ಲಿಂದಲೇ ಸೀಟಿ ಊದುತ್ತಿದ್ದೆ.

ಗೋಲುಕಂಬಗಳೆಂದರೆ ಎರಡು ಸರ್ವೆಗಳು, ಬಲೆಯಿಲ್ಲ. ಕೊನೆಯ ನಿಮಿಷಗಳಲ್ಲಿ ನಮ್ಮ ಶಾಲೆಯ ಹುಡುಗನೊಬ್ಬ ಬಲವಾಗಿ ಒದೆದ. ಧೂಳೆದ್ದಿತು, ಚೆಂಡು ಹಿಂದಿನ ಬೇಲಿಗೆ ಬಡಿಯಿತು, ನಮ್ಮ ಹುಡುಗರು ಗೋಲೆಂದು ಕೂಗಿದರು, ನಾನು ಸೀಟಿ ಊದಿದೆ. ಎದುರು ಶಾಲೆಯ ಗೋಲ್‌ಕೀಪರ್, ಹದಿಮೂರು ಹದಿನಾಲ್ಕರ ಹುಡುಗ, ಬರಿಗಾಲಲ್ಲಿ ನನ್ನ ಬಳಿಗೆ ಓಡಿಬಂದು ಕೈಮುಗಿದ. “ಸಾರ್, ಚೆಂಡು ಕಂಬದ ಹೊರಗಿಂದ ಹೋಯ್ತು ಸಾರ್. ಒಂದೇ ಸಲ ಬಂದು ನೋಡಿ ಸಾರ್” ಎಂದ. ಅವನು ಬಯ್ಯಲಿಲ್ಲ, ಕೂಗಲಿಲ್ಲ. ನಾನು, ವಿದ್ವತ್ ಪದವಿಯ ಬಿಗುಮಾನವನ್ನೆಲ್ಲ ದನಿಗೆ ತಂದುಕೊಂಡು, “ರೆಫರಿಯ ತೀರ್ಪೇ ಅಂತಿಮ. ಹೋಗಿ ನಿಲ್ಲು” ಎಂದೆ. ನಿಯಮದ ಪುಸ್ತಕದಲ್ಲಿ ಆ ಮಾತು ಇದೆಯೆಂಬುದು ನಿಜ. ನಮ್ಮ ಶಾಲೆಗೆ ಫಲಕ ಬಂದಿತು.

ಸಂಜೆ ಜನ ಚದುರಿದ ಮೇಲೆ ಆ ಕಂಬದ ಬಳಿಗೆ ಹೋದೆ. ಬೆಳಿಗ್ಗೆ ಎಳೆದಿದ್ದ ಸುಣ್ಣದ ಗೆರೆಯ ಮೇಲೆ, ಕಂಬದಿಂದ ಒಂದು ಗೇಣು ಹೊರಗೆ, ಚೆಂಡು ಉಜ್ಜಿಹೋದ ಗುರುತು ಅಚ್ಚೊತ್ತಿದಂತಿತ್ತು. ಮುಖ್ಯೋಪಾಧ್ಯಾಯರಿಗೆ ಹೇಳಬಹುದಾಗಿತ್ತು. ಮರುದಿನ ಆ ಶಾಲೆಗೆ ಒಂದು ಕಾಗದ ಬರೆಯಬಹುದಾಗಿತ್ತು. ಎರಡನ್ನೂ ಮಾಡಲಿಲ್ಲ. ಹೊಸ ಕೆಲಸ, ಹಿರಿಯರ ಸಂತೋಷ, ಗಾಜಿನ ಬೀರುವಿನಲ್ಲಿ ಹೊಳೆಯುತ್ತಿದ್ದ ಫಲಕ! ನಾಲಗೆ ಏಳಲಿಲ್ಲ.

ನನ್ನ ಸೂತ್ರವು ಇಲ್ಲಿ ಮುರಿದು ಬೀಳುತ್ತದೆ. ಆ ಹುಡುಗ ಯಾವ ತಪ್ಪನ್ನೂ ಮಾಡಿರಲಿಲ್ಲ. ಅವನ ರಕ್ಷಣೆಯಲ್ಲಿ ಲೋಪವಿರಲಿಲ್ಲ. ಚೆಂಡು ಒಳಗೆ ಹೋಗಲೇ ಇಲ್ಲ. ರೆಫರಿಯ ತಪ್ಪಿಗೆ ಮೊದಲು ರಕ್ಷಕನ ತಪ್ಪಿರುತ್ತದೆಂದು ಸಾಧಿಸುತ್ತ ಬಂದ ನಾನು, ಇಷ್ಟು ವರ್ಷ ನಿಜವಾಗಿ ಕಾಪಾಡಿಕೊಂಡದ್ದು ನನ್ನನ್ನೇ ಎಂಬುದು ನನಗೆ ತಡವಾಗಿ ಹೊಳೆಯಿತು.

2019ರಲ್ಲಿ ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಕೇಂದ್ರವೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಗಣಿತದ ಉಪಾಧ್ಯಾಯರೊಬ್ಬರು ಎದುರಿಗೆ ಬಂದು, “ಮೇಷ್ಟ್ರೇ, ನೀವು ಇಂಥ ಊರಿನ ಶಾಲೆಯಲ್ಲಿ ಇದ್ದಿರಲ್ಲವೇ?” ಎಂದು ಕೇಳಿದರು. ಮುಖ ನೆನಪಾಗಲಿಲ್ಲ, ಆ ಕೈಮುಗಿದ ರೀತಿ ನೆನಪಾಯಿತು. ತುತ್ತು ಕೈಯಲ್ಲಿಯೇ ಉಳಿಯಿತು. ಸುಣ್ಣದ ಗುರುತನ್ನು ಕಂಡದ್ದನ್ನೂ ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಿ, ತಪ್ಪಾಯಿತೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಗೋಲು ಅವತ್ತೇ ಮರೆತೆ ಮೇಷ್ಟ್ರೇ. ಬಂದು ನೋಡಿ ಅಂದೆ, ನೀವು ಬರಲಿಲ್ಲ. ಅದನ್ನು ಮಾತ್ರ ಮರೆಯಲಾಗಲಿಲ್ಲ” ಎಂದರು. ಆಮೇಲೆ ತಾವೇ ಮಜ್ಜಿಗೆ ತಂದು ನನ್ನ ಮುಂದಿಟ್ಟರು.

ಆ ಮಧ್ಯಾಹ್ನ ನನ್ನ ಪಾಲಿಗೆ ಬಂದ ಉತ್ತರಪತ್ರಿಕೆಗಳನ್ನು ನಾನು ಹಿಂದೆಂದೂ ನೋಡದಷ್ಟು ನಿಧಾನವಾಗಿ ನೋಡಿದೆ. ನಮ್ಮಲ್ಲಿ ಮರುಎಣಿಕೆಯೂ ಮರುಮೌಲ್ಯಮಾಪನವೂ ಉಂಟು. ಕಾಲ್ಚೆಂಡಾಟಕ್ಕೆ 2018ರ ವಿಶ್ವಕಪ್ಪಿನಲ್ಲಿ ವೀಡಿಯೊ ಸಹಾಯಕ ರೆಫರಿ ಬಂದರು. ನಮ್ಮ ಲೀಗಿನಲ್ಲಿ 2024–25ರ ಋತುವಿನ ಕೊನೆಯವರೆಗೂ ಆ ವ್ಯವಸ್ಥೆ ಇರಲಿಲ್ಲ; ಇರಬೇಕೆಂಬುದೇ ನನ್ನ ಮತ. ಆದರೆ ಯಂತ್ರ ಬಂದ ಮೇಲೂ, ತೆರೆಯ ಬಳಿಗೆ ಹೋಗಿ ಇನ್ನೊಮ್ಮೆ ನೋಡುವ ಮನಸ್ಸು ಮನುಷ್ಯನಿಗೇ ಬರಬೇಕು. ಬಲೆಯಿಲ್ಲದ ಆ ಮೈದಾನದಲ್ಲಿ ನನಗೆ ಯಂತ್ರ ಬೇಕಾಗಿರಲಿಲ್ಲ. ಮೂವತ್ತು ಹೆಜ್ಜೆ ನಡೆದಿದ್ದರೆ ಸಾಕಾಗಿತ್ತು.

1986ರ ಆ ಟ್ಯುನೀಷಿಯಾದ ರೆಫರಿಯ ಮನೆಗೆ ಮರಡೋನಾ 2015ರಲ್ಲಿ ಹೋಗಿ ತನ್ನ ರುಜು ಹಾಕಿದ ಅಂಗಿಯನ್ನು ಕೊಟ್ಟುಬಂದನಂತೆ. ತಪ್ಪಿನ ಲಾಭ ಪಡೆದವನು ತಪ್ಪು ಮಾಡಿದವನನ್ನು ನೆನೆದದ್ದು ಸಹಜವೇ. ನಷ್ಟಪಟ್ಟವನೇ ಬಂದು ಮಜ್ಜಿಗೆ ಕೊಟ್ಟ ಭಾಗ್ಯ ನನ್ನದು.

ಪಂದ್ಯ ನೋಡುವುದನ್ನು ನಾನು ಬಿಟ್ಟಿಲ್ಲ, ಕೂಗುವುದನ್ನೂ ಬಿಟ್ಟಿಲ್ಲ. ಕಾರ್ನರ್ ಬಂದಾಗ ನಮ್ಮ ರಕ್ಷಕರು ಎದುರಾಳಿಯನ್ನು ಬಿಟ್ಟು ಚೆಂಡನ್ನೇ ನೋಡುತ್ತ ನಿಂತರೆ ಈಗಲೂ ಎದ್ದು ನಿಲ್ಲುತ್ತೇನೆ. ರೆಫರಿಯ ಮೇಲೆ ಮಾತ್ರ ಬಾಯಿ ತೆರೆಯುವ ಮುಂಚೆ ಕೊರಳಿಗೆ ಒಮ್ಮೆ ಕೈ ಹೋಗುತ್ತದೆ, ಸೀಟಿ ಅಲ್ಲಿ ಇನ್ನೂ ಇದೆಯೋ ಎಂಬಂತೆ. ಈ ಸಂಪುಟವನ್ನು ಓದುವ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಯಾವನಾದರೂ ಹುಡುಗ ಕೈಮುಗಿದು “ಒಂದೇ ಸಲ ಬಂದು ನೋಡಿ ಸಾರ್” ಎಂದರೆ, ತೀರ್ಪು ಬದಲಾಗಲಿ ಆಗದಿರಲಿ, ದಯವಿಟ್ಟು ಹೋಗಿ ನೋಡಿರಿ.